ಎಚ್‌ಐವಿ ಟೆಸ್ಟ್: ಮೊದಲು ದಿನ ಎಣಿಸಿ, ಆಮೇಲೆ ರಕ್ತ ಕೊಡಿ

ಉಡುಪಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. ಹೆಚ್ಚಿನವರು ಬರುವುದು ಶುಗರ್, ಥೈರಾಯ್ಡ್, ಜ್ವರ ಅಂತ. ನಡುನಡುವೆ ಇನ್ನೊಂದು ತರದವರು ಬರುತ್ತಾರೆ. ಜನ ಕಡಿಮೆಯಾಗುವವರೆಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಲ್ಲುತ್ತಾರೆ. ಆಮೇಲೆ ಕೌಂಟರಿಗೆ ಬಂದು "ಫುಲ್ ಬಾಡಿ ಚೆಕಪ್ ಎಷ್ಟಾಗ್ತದೆ?" ಅಂತ ಕೇಳುತ್ತಾರೆ. ರೇಟು ಹೇಳಿದ ಮೇಲೆ ದನಿ ತಗ್ಗಿಸಿ, "ಅದ್ರಲ್ಲಿ ಅದು ಕೂಡ ಉಂಟಾ?" ಅನ್ನುತ್ತಾರೆ. ಯಾವುದು ಅಂತ ನಾವು ತಿರುಗಿ ಕೇಳುವುದಿಲ್ಲ.

ಒಂದು ಮಳೆಗಾಲದಲ್ಲಿ ಮಂಗಳೂರಿನ ಹುಡುಗನೊಬ್ಬ ಬಂದಿದ್ದ. ಅಲ್ಲಿ ಪರಿಚಯದವರು ಯಾರಾದರೂ ನೋಡಿಯಾರು ಅಂತ ಎಕ್ಸ್‌ಪ್ರೆಸ್ ಬಸ್ ಹತ್ತಿ ಉಡುಪಿಗೆ ಬಂದದ್ದು. (ಉಡುಪಿಯವರು ಇದೇ ಕಾರಣಕ್ಕೆ ಮಂಗಳೂರಿಗೆ ಹೋಗುತ್ತಾರೆ. ಬಸ್ಸಿನವರಿಗೆ ಲಾಭ.) ಬ್ಯಾಗಿನಲ್ಲಿ ನಾಲ್ಕು ರಿಪೋರ್ಟ್ ಇತ್ತು. ಸೋಂಕು ತಗಲಿರಬಹುದು ಅಂತ ಅವನು ಹೆದರಿದ ಘಟನೆ ಆಗಿ ಮೂರನೇ ದಿನದ್ದು, ಎಂಟನೇ ದಿನದ್ದು, ಹನ್ನೆರಡನೇದು, ಹದಿನೇಳನೇದು. ನಾಲ್ಕೂ ನೆಗೆಟಿವ್. ಐದನೇದಕ್ಕೆ ಬಂದಿದ್ದ, ಅವತ್ತಿಗೆ ಹತ್ತೊಂಬತ್ತು ದಿನ. "ಅಣ್ಣ, ಇವತ್ತು ಮಾಡಿದ್ರೆ ಕರೆಕ್ಟ್ ಗೊತ್ತಾಗ್ತದಾ?" ಅಂತ ಕೇಳಿದ. ನಾಲ್ಕು ಸಲ ದುಡ್ಡು ಕೊಟ್ಟಿದ್ದಾನೆ, ಮೂರು ವಾರ ನಿದ್ದೆ ಬಿಟ್ಟಿದ್ದಾನೆ, ಈ ಒಂದು ಪ್ರಶ್ನೆಯನ್ನು ಮಾತ್ರ ಎಲ್ಲೂ ಕೇಳಿರಲಿಲ್ಲ.

ಅವನಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಟೆಸ್ಟಿನ ವಿಷಯ ನನ್ನ ಕೆಲಸ, ಅದನ್ನು ಹೇಳಬಲ್ಲೆ. ಮದ್ದಿನ ವಿಷಯ ಬಂದಾಗ ಡಾಕ್ಟರ ಹತ್ತಿರವೇ ಹೋಗಬೇಕು.

ಮೊದಲು ಗಡಿಯಾರ ನೋಡಿ

ಲೈಂಗಿಕ ಸಂಪರ್ಕ ಆಗಿ, ಅಥವಾ ಬಳಸಿದ ಸೂಜಿ ಚುಚ್ಚಿ, 72 ಗಂಟೆ ಆಗಿಲ್ಲವೇ? ಹಾಗಾದರೆ ಈ ಲೇಖನ ಪೂರ್ತಿ ಓದಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ. ಲ್ಯಾಬಿಗಲ್ಲ, ಆಸ್ಪತ್ರೆಗೆ.

ಸೋಂಕು ಬೇರೂರುವ ಮೊದಲೇ ತಡೆಯುವ ಮದ್ದು ಇದೆ. ಅದಕ್ಕೆ ಪಿಇಪಿ ಅನ್ನುತ್ತಾರೆ, ಬಾಯಿ ಮಾತಿನಲ್ಲಿ 'ಪೆಪ್'. 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಎರಡು ಗಂಟೆಯೊಳಗೆ ಶುರುವಾದರೆ ತುಂಬಾ ಒಳ್ಳೆಯದು. ಹೊತ್ತು ಹೋದ ಹಾಗೆ ಅದರ ಬಲ ಕಡಿಮೆ. 72 ಗಂಟೆ ದಾಟಿದ ಮೇಲೆ ಕೊಡುವುದಿಲ್ಲ. ಈಗ ನಮ್ಮಲ್ಲಿ ಹೆಚ್ಚಾಗಿ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ದಿನಕ್ಕೆ ಒಂದು.

ಎಲ್ಲಿಗೆ ಹೋಗುವುದು? ಮಂಗಳೂರಿನಲ್ಲಾದರೆ ಹಂಪನಕಟ್ಟೆಯ ವೆನ್ಲಾಕ್, ಉಡುಪಿಯಲ್ಲಾದರೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು ನಮ್ಮ ಎರಡೂ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ರಾತ್ರಿಯಾಗಿದ್ದರೆ ಕ್ಯಾಶುವಲ್ಟಿಗೆ ಹೋಗಿ. ಭಾನುವಾರವಾಗಿದ್ದರೆ, ಸೋಮವಾರ ಹೋದರಾಯ್ತು ಅಂತ ಕೂರಬೇಡಿ. ನಾನು ನೋಡಿದ ಮಟ್ಟಿಗೆ ಹೆಚ್ಚಿನವರ ಮೊದಲ 72 ಗಂಟೆ ಹೋಗುವುದು ಮೊಬೈಲಿನಲ್ಲಿ ಹುಡುಕುವುದರಲ್ಲಿ.

ಡಾಕ್ಟರ ಹತ್ತಿರ ನಾಚಿಕೆ ಬಿಟ್ಟು ಹೇಳಿ: ಏನಾಯಿತು, ಎಷ್ಟು ಹೊತ್ತಿಗೆ ಆಯಿತು, ಕಾಂಡೋಮ್ ಇತ್ತೇ, ಹರಿಯಿತೇ. ಕಿಡ್ನಿ ತೊಂದರೆ ಇದ್ದರೆ ಅದನ್ನೂ ಹೇಳಿ. ಶುಗರಿಗೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್ಕಿಗೆ ಆಂಟಾಸಿಡ್, ಕಬ್ಬಿಣದ ಅಥವಾ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಲೇಬೇಕು. ಡೊಲುಟೆಗ್ರಾವಿರ್ ಜೊತೆ ಇವು ಸರಿಹೊಂದುವುದಿಲ್ಲ, ಡೋಸ್ ಅಥವಾ ಸಮಯ ಬದಲಿಸಬೇಕಾಗುತ್ತದೆ. ಅವತ್ತೇ ಒಂದು ಎಚ್‌ಐವಿ ಟೆಸ್ಟ್ ಮಾಡುತ್ತಾರೆ. ಈ ಘಟನೆಯಿಂದ ಸೋಂಕು ತಗಲಿದೆಯೇ ಅಂತ ಅದರಲ್ಲಿ ತಿಳಿಯುವುದಿಲ್ಲ. ಮೊದಲೇ ಇತ್ತೇ ಅಂತ ನೋಡುವುದು. ಅದರ ರಿಪೋರ್ಟ್ ಬರಲಿ ಅಂತ ಮೊದಲ ಮಾತ್ರೆಯನ್ನು ತಡ ಮಾಡಬೇಕಾಗಿಲ್ಲ.

ಲೈಂಗಿಕ ದೌರ್ಜನ್ಯ ಆಗಿದ್ದರೆ, ಆಸ್ಪತ್ರೆ ಸರ್ಕಾರದ್ದಿರಲಿ ಖಾಸಗಿಯಿರಲಿ, ಮೊದಲ ಚಿಕಿತ್ಸೆಯನ್ನು ಕೂಡಲೇ, ದುಡ್ಡಿಲ್ಲದೆ ಕೊಡಲೇಬೇಕು. ಕಾನೂನೇ ಹಾಗಿದೆ.

ಸೂಜಿ ಚುಚ್ಚಿದ್ದಕ್ಕೆ ಒಂದು ಮಾತು. ಸೋಪು ನೀರಿನಲ್ಲಿ ತೊಳೆಯಿರಿ, ಅಷ್ಟೇ. ಹಿಂಡಿ ರಕ್ತ ತೆಗೆಯಬೇಡಿ, ಸ್ಪಿರಿಟ್ ಸುರಿಯಬೇಡಿ, ಬೆರಳನ್ನು ಬಾಯಿಗೆ ಇಡಬೇಡಿ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೇ ಚುಚ್ಚಿತ್ತು. ಆಗ ನಾನಿದ್ದ ಲ್ಯಾಬಿನಲ್ಲಿ ಸೂಜಿ ಹಾಕುವ ಡಬ್ಬ ತುಂಬಿ ತುಳುಕುತ್ತಿತ್ತು, ಯಾರೂ ಖಾಲಿ ಮಾಡಿರಲಿಲ್ಲ. ಗಾಬರಿಯಲ್ಲಿ ಬೆರಳನ್ನು ಹಿಂಡಿದೆ, ಸ್ಪಿರಿಟಿನಲ್ಲಿ ಅದ್ದಿದೆ, ಮಾಡಬಾರದ್ದನ್ನೆಲ್ಲ ಮಾಡಿದೆ. ಆಮೇಲೆ 28 ದಿನ ಮಾತ್ರೆ. ಆಗಿನ ಮಾತ್ರೆ ಈಗಿನ ಹಾಗಲ್ಲ, ಗಂಜಿ ನೋಡಿದರೂ ವಾಕರಿಕೆ ಬರುತ್ತಿತ್ತು. ಆರು ವಾರಕ್ಕೆ ಒಂದು ಟೆಸ್ಟ್, ಮೂರು ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು. ಮನೆಯಲ್ಲಿ ಹೇಳಿರಲಿಲ್ಲ. ಅಮ್ಮ ಮಾತ್ರ, ಇವನಿಗೆ ಹೊಟ್ಟೆಯದ್ದು ಏನೋ ಉಂಟು ಅಂತ ದಿನಾ ಓಮದ ಕಷಾಯ ಕುಡಿಸುತ್ತಿದ್ದರು. ಕೌಂಟರಿನಲ್ಲಿ ಯಾರಾದರೂ ಕ್ಯಾಲೆಂಡರ್ ನೋಡುತ್ತಾ ನಿಂತರೆ ನನಗೆ ಆ ಕಷಾಯ ನೆನಪಾಗುತ್ತದೆ.

ನಿಜವಾಗಿ ಅಪಾಯ ಇತ್ತೇ?

ಗಡಿಯಾರದ ಗಡುವು ದಾಟಿದೆ ಅನ್ನಿ. ಇನ್ನು ಎರಡನೇ ಪ್ರಶ್ನೆ. ಟೆಸ್ಟಿಗೆ ಬರುವ ಎಷ್ಟೋ ಜನರಿಗೆ ಟೆಸ್ಟೇ ಬೇಕಾಗಿರುವುದಿಲ್ಲ.

ಎಚ್‌ಐವಿ ಹರಡುವುದು ರಕ್ತ, ವೀರ್ಯ, ಯೋನಿಯ ದ್ರವ, ಗುದನಾಳದ ದ್ರವ, ಎದೆಹಾಲು, ಇಷ್ಟರಿಂದ. ಅದು ಇನ್ನೊಬ್ಬರ ರಕ್ತಕ್ಕೆ ಅಥವಾ ಒಳಗಿನ ಮೆದು ಪೊರೆಗೆ ತಾಗಬೇಕು. ಎಂಜಲು, ಬೆವರು, ಕಣ್ಣೀರಿನಿಂದ ಬರುವುದಿಲ್ಲ. ಮುತ್ತು ಕೊಟ್ಟರೆ, ಒಂದೇ ಗ್ಲಾಸಿನಲ್ಲಿ ಕುಡಿದರೆ, ಒಂದೇ ಟಾಯ್ಲೆಟ್ ಬಳಸಿದರೆ ಬರುವುದಿಲ್ಲ. ಸೊಳ್ಳೆ ನಮ್ಮ ಊರಿಗೆ ಮಲೇರಿಯಾ ಕೊಟ್ಟದ್ದು ಸಾಕು, ಎಚ್‌ಐವಿ ಅದು ಕೊಡುವುದಿಲ್ಲ. ಮಲ್ಪೆ ಬಂದರಿನಲ್ಲಿ ಮೀನು ವಿಂಗಡಿಸುವ ಹೆಂಗಸೊಬ್ಬರು ಒಮ್ಮೆ ಕೇಳಿದ್ದರು: ಪಕ್ಕದವಳ ಕೈಗೆ ಚುಚ್ಚಿದ ಮೀನಿನ ಮುಳ್ಳೇ ನನಗೂ ಚುಚ್ಚಿದೆ, ಏನಾದರೂ ಆಗ್ತದಾ? ಆ ಮುಳ್ಳಿಗೆ ಟಿಟಿ ಇಂಜೆಕ್ಷನ್ ಬೇಕಾ ಅಂತ ಡಾಕ್ಟರನ್ನು ಕೇಳಿ ಅಂದೆ. ವೈರಸ್ ಮೈಯಿಂದ ಹೊರಗೆ ಬಂದರೆ ಬೇಗ ಬಲ ಕಳೆದುಕೊಳ್ಳುತ್ತದೆ. ಟೊಳ್ಳು ಸೂಜಿಯೊಳಗೆ ಉಳಿದ ರಕ್ತದ ಕಥೆ ಬೇರೆ, ಮೀನಿನ ಮುಳ್ಳಿನ ಕಥೆ ಬೇರೆ.

ಈಗ ನಿಜವಾದ ಅಪಾಯದ ಲೆಕ್ಕ. ಎದುರಿನವರಿಗೆ ಸೋಂಕು ಇದೆ, ಮದ್ದು ತೆಗೆದುಕೊಳ್ಳುತ್ತಿಲ್ಲ, ಕಾಂಡೋಮ್ ಇಲ್ಲ ಅಂತ ಇಟ್ಟುಕೊಳ್ಳಿ. ಅಂಥ ಯೋನಿ ಸಂಭೋಗ 10,000 ಸಲ ನಡೆದರೆ ಹೆಣ್ಣಿಗೆ ತಗಲುವುದು ಸುಮಾರು 8 ಸಲ, ಗಂಡಿಗೆ ಸುಮಾರು 4 ಸಲ. ಗುದ ಸಂಭೋಗದಲ್ಲಿ ಒಳಗೆ ತೆಗೆದುಕೊಳ್ಳುವವರಿಗೆ ಅದು 138ಕ್ಕೆ ಏರುತ್ತದೆ. ಆಸ್ಪತ್ರೆಯ ಸೂಜಿ ಚುಚ್ಚಿದರೆ 23, ಡ್ರಗ್ಸ್‌ನ ಸೂಜಿ ಹಂಚಿಕೊಂಡರೆ 63. ಬಾಯಿಯ ಮೂಲಕ ಆದರೆ ತೀರಾ ಕಡಿಮೆ.

ಈ ಅಂಕಿ ನೋಡಿ ಧೈರ್ಯ ಬಂದರೆ ಒಳ್ಳೆಯದೇ. ಆದರೆ ಇದು ಸರಾಸರಿ. ಬೇರೆ ಗುಪ್ತರೋಗ, ಹುಣ್ಣು, ಗಾಯ ಇದ್ದರೆ ಏರುತ್ತದೆ. ಎದುರಿನವರಿಗೆ ಆಗಷ್ಟೇ ಸೋಂಕು ತಗಲಿದ್ದರೂ ಏರುತ್ತದೆ, ಯಾಕೆಂದರೆ ಆಗ ಅವರ ರಕ್ತದಲ್ಲಿ ವೈರಸ್ ಜಾಸ್ತಿ. ಕಾಂಡೋಮ್ ಸರಿಯಾಗಿದ್ದು ಹರಿಯದೆ ಇದ್ದರೆ ಅಪಾಯ ಬಹಳ ಇಳಿಯುತ್ತದೆ. ಎದುರಿನವರು ಚಿಕಿತ್ಸೆಯಲ್ಲಿದ್ದು, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದಿದ್ದರೆ, ಸಂಭೋಗದಿಂದ ಹರಡುವುದೇ ಇಲ್ಲ. ಇದು ನಮ್ಮ ಜನರಿಗೆ ಇನ್ನೂ ಅಷ್ಟಾಗಿ ಗೊತ್ತಿಲ್ಲ. ಗೊತ್ತಾದರೆ ಎಷ್ಟೋ ಸಂಸಾರಗಳ ಭಯ ಹೋಗುತ್ತದೆ.

ಬಲೆಯ ಕಣ್ಣು

ಹುಡುಗ ಕೇಳಿದ ಪ್ರಶ್ನೆಗೆ ಬರೋಣ. ಸೋಂಕು ತಗಲಿದ ದಿನವೇ ಟೆಸ್ಟಿನಲ್ಲಿ ಯಾಕೆ ಕಾಣುವುದಿಲ್ಲ?

ಮೊದಲ ಕೆಲವು ದಿನ ವೈರಸ್ ತಗಲಿದ ಜಾಗದಲ್ಲಿ, ಹತ್ತಿರದ ಗ್ರಂಥಿಗಳಲ್ಲಿ ಬೆಳೆಯುತ್ತಿರುತ್ತದೆ. ರಕ್ತದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಸುಮಾರು ಹತ್ತು ದಿನದ ಮೇಲೆ ರಕ್ತದಲ್ಲಿ ವೈರಸ್ಸಿನ ಆರ್‌ಎನ್‌ಎ (ಅದರ ವಂಶವಾಹಿ) ಸಿಗಲು ಶುರುವಾಗುತ್ತದೆ. ಇನ್ನು ಸ್ವಲ್ಪ ದಿನ ಬಿಟ್ಟು, ಎರಡು ವಾರದ ಆಚೆಈಚೆ, ವೈರಸ್ಸಿನ ಮೈಯ ಪಿ24 ಅನ್ನುವ ಪ್ರೋಟೀನ್ ಕಾಣಿಸುತ್ತದೆ. ನಮ್ಮ ದೇಹ ಅದರ ವಿರುದ್ಧ ಮಾಡುವ ಪ್ರತಿಕಾಯ ಬರುವುದು ಕೊನೆಗೆ, ಮೂರು ವಾರದಿಂದ ಮೂರು ತಿಂಗಳೊಳಗೆ.

ಟೆಸ್ಟುಗಳು ಬಲೆಯ ಹಾಗೆ. ಕಣ್ಣು ದೊಡ್ಡದಾದ ಬಲೆಯಲ್ಲಿ ಸಣ್ಣ ಮೀನು ನಿಲ್ಲುವುದಿಲ್ಲ. ಹಾಗಂತ ನೀರಿನಲ್ಲಿ ಮೀನೇ ಇಲ್ಲ ಅನ್ನಲಿಕ್ಕಾಗುವುದಿಲ್ಲ, ಅಲ್ವಾ? ಸೋಂಕು ಒಳಗಿದ್ದೂ ಟೆಸ್ಟಿಗೆ ಸಿಗದ ಈ ಅವಧಿಗೆ ವಿಂಡೋ ಪೀರಿಯಡ್ ಅನ್ನುತ್ತಾರೆ. ಅದು ಎಷ್ಟು ದಿನ ಅನ್ನುವುದು ಯಾವ ಬಲೆ ಹಾಕಿದ್ದೀರಿ ಅನ್ನುವುದರ ಮೇಲಿದೆ.

ಆರ್‌ಎನ್‌ಎ ಪಿಸಿಆರ್: 10ರಿಂದ 33 ದಿನದೊಳಗೆ ಹಿಡಿಯುತ್ತದೆ. ಬೇಗ ಹಿಡಿಯುವುದು ಇದೇ, ದುಬಾರಿಯೂ ಇದೇ.

ನಾಲ್ಕನೇ ತಲೆಮಾರಿನ ಟೆಸ್ಟ್: ಪಿ24 ಮತ್ತು ಪ್ರತಿಕಾಯ ಎರಡನ್ನೂ ಹುಡುಕುತ್ತದೆ. ಲ್ಯಾಬುಗಳ ಪಟ್ಟಿಯಲ್ಲಿ 'ಎಚ್‌ಐವಿ ಕಾಂಬೊ', 'ಎಚ್‌ಐವಿ ಡ್ಯುಯೊ' ಅಂತೆಲ್ಲ ಇರುತ್ತದೆ. ಕೈಯ ನರದಿಂದ ರಕ್ತ ತೆಗೆದು ಮೆಷಿನಿನಲ್ಲಿ ಮಾಡಿದರೆ 18ರಿಂದ 45 ದಿನ.

ಬರೀ ಪ್ರತಿಕಾಯ ಹುಡುಕುವ ಟೆಸ್ಟ್: ಹೆಚ್ಚಿನ ರ‍್ಯಾಪಿಡ್ ಕಿಟ್‌ಗಳು, ಬೆರಳು ಚುಚ್ಚಿ ಮಾಡುವವು, ಮನೆಯಲ್ಲೇ ಮಾಡಿಕೊಳ್ಳುವ ಕಿಟ್‌ಗಳು. 23ರಿಂದ 90 ದಿನ.

ಎರಡೆರಡು ಅಂಕಿ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಎಲ್ಲರ ದೇಹವೂ ಒಂದೇ ವೇಗದಲ್ಲಿ ಕೆಲಸ ಮಾಡುವುದಿಲ್ಲ. ನಾಲ್ಕನೇ ತಲೆಮಾರಿನ ಟೆಸ್ಟನ್ನೇ ತೆಗೆದುಕೊಳ್ಳಿ. ಸೋಂಕು ತಗಲಿದ ನೂರು ಜನರಲ್ಲಿ ಸುಮಾರು ಅರ್ಧದಷ್ಟು ಜನರದ್ದು 18ನೇ ದಿನದ ಹೊತ್ತಿಗೆ ಕಾಣಿಸುತ್ತದೆ. 45ನೇ ದಿನಕ್ಕೆ 99 ಜನರದ್ದು ಕಾಣಿಸುತ್ತದೆ. ಅಂದರೆ ನಮ್ಮ ಹುಡುಗ ಹತ್ತೊಂಬತ್ತನೇ ದಿನ ಆ ಟೆಸ್ಟ್ ಮಾಡಿಸಿದ್ದರೆ, ಹೆಚ್ಚುಕಮ್ಮಿ ಟಾಸ್ ಹಾಕಿದ ಹಾಗೆ. ಮೂರನೇ ದಿನದ್ದಂತೂ ಸುಮ್ನೆ ದುಡ್ಡು ದಂಡ. ಘಟನೆಗಿಂತ ಮೊದಲು ಅವನಿಗೆ ಸೋಂಕು ಇರಲಿಲ್ಲ ಅಂತ ಮಾತ್ರ ಅದರಲ್ಲಿ ತಿಳಿಯಿತು.

ಆದ್ದರಿಂದ ನನ್ನ ಸಲಹೆ ಸರಳ. ಮೊದಲ ಅಂಕಿ ನೋಡಿ ಓಡಬೇಡಿ, ಎರಡನೇ ಅಂಕಿ ನೋಡಿ ಹೋಗಿ. ತಡೆಯಲಿಕ್ಕೆ ಆಗುವುದೇ ಇಲ್ಲ ಅನ್ನುವವರು 28ನೇ ದಿನದ ಸುಮಾರಿಗೆ ಒಂದು ಕಾಂಬೊ ಮಾಡಿಸಿಕೊಳ್ಳಿ. ಆಗ ನೆಗೆಟಿವ್ ಬಂದರೆ ಬಹಳ ಒಳ್ಳೆಯ ಸೂಚನೆ. ಆದರೆ 45ನೇ ದಿನದ್ದನ್ನು ಬಿಡುವ ಹಾಗಿಲ್ಲ.

'ಆರು ತಿಂಗಳು ಕಾಯಬೇಕು' ಅನ್ನುವವರು ಈಗಲೂ ಇದ್ದಾರೆ. 1985ರಲ್ಲಿ ಬಂದ ಮೊದಲ ಟೆಸ್ಟುಗಳ ಕಾಲದ ಮಾತು ಅದು. ಆ ಬಲೆಗಳ ಕಣ್ಣು ದೊಡ್ಡದಿತ್ತು. ಟೆಸ್ಟ್ ಬದಲಾಗಿದೆ, ಬಾಯಿ ಮಾತು ಹಾಗೇ ಉಳಿದಿದೆ. ಇವತ್ತು ಆರು ತಿಂಗಳಿನ ಮಾತು ಬರುವುದು ಅಪರೂಪದ ಕೆಲವರಿಗೆ ಮಾತ್ರ. ಪ್ರತಿಕಾಯವೇ ಸರಿಯಾಗಿ ಹುಟ್ಟದಷ್ಟು ರೋಗನಿರೋಧಕ ಶಕ್ತಿ ಕುಂದಿದವರು, ಕಿಮೊ ನಡೆಯುತ್ತಿರುವವರು, ಅಂಥವರು. ಅವರಿಗೆ ಅವರ ಡಾಕ್ಟರೇ ಹೇಳುತ್ತಾರೆ.

ಪಿಸಿಆರ್ ಮಾಡಿಸಿದರೆ ಬೇಗ ಮುಗಿಯುತ್ತದಲ್ಲ ಅಂತ ಕೇಳಬಹುದು. ನಾನು ತಾನಾಗಿ ಯಾರಿಗೂ ಹೇಳುವುದಿಲ್ಲ. ದುಡ್ಡು ಜಾಸ್ತಿ. ಸೋಂಕಿಲ್ಲದವರಲ್ಲಿ ಚೂರು ಏನೋ ಕಂಡ ಹಾಗೆ ರಿಪೋರ್ಟ್ ಬರುವುದೂ ಉಂಟು, ಆಮೇಲೆ ಅದನ್ನು ಬಗೆಹರಿಸುವುದೇ ಒಂದು ಕೆಲಸ. ಅದು ನೆಗೆಟಿವ್ ಬಂದರೂ ಕೊನೆಗೆ ಕಾಂಬೊ ಮಾಡಿಸಲೇಬೇಕು. ಅದು ನಿಜವಾಗಿ ಬೇಕಾಗುವುದು ಡಾಕ್ಟರಿಗೆ ಹೊಸ ಸೋಂಕಿನ ಗಟ್ಟಿ ಅನುಮಾನ ಬಂದಾಗ. ಮತ್ತೆ, ಸೋಂಕಿರುವ ತಾಯಿಗೆ ಹುಟ್ಟಿದ ಮಗುವಿಗೆ. ತಾಯಿಯ ಪ್ರತಿಕಾಯ ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಇರಬಹುದಾದ್ದರಿಂದ ಅಲ್ಲಿ ಮಾಮೂಲಿ ಟೆಸ್ಟ್ ನಂಬುವ ಹಾಗಿಲ್ಲ.

ಕ್ಯಾಲೆಂಡರ್ ತೆಗೆಯಿರಿ

ಗೋಡೆಯಲ್ಲಿ ತೂಗುವ ಕ್ಯಾಲೆಂಡರ್ ಸಾಕು. ಘಟನೆ ನಡೆದ ದಿನವನ್ನು ಸೊನ್ನೆ ಅನ್ನಿ. ಮರುದಿನ ಒಂದು.

ಜೂನ್ 1ರ ರಾತ್ರಿ ಆಯಿತು ಅಂತ ಇಟ್ಟುಕೊಳ್ಳಿ. 45ನೇ ದಿನ ಬರುವುದು ಜುಲೈ 16ಕ್ಕೆ. ಅವತ್ತು ಅಥವಾ ಆಮೇಲೆ ಲ್ಯಾಬಿನಲ್ಲಿ ಕಾಂಬೊ ಮಾಡಿಸಿ ನೆಗೆಟಿವ್ ಬಂದರೆ, ಆ ಘಟನೆಯ ಮಟ್ಟಿಗೆ ಮುಗಿಯಿತು. ರ‍್ಯಾಪಿಡ್ ಟೆಸ್ಟ್ ಆದರೆ 90ನೇ ದಿನ, ಅಂದರೆ ಆಗಸ್ಟ್ 30.

ಪೆಪ್ ತೆಗೆದುಕೊಂಡವರ ಲೆಕ್ಕ ಬೇರೆ, ಇದನ್ನು ತುಂಬಾ ಜನ ತಪ್ಪು ಮಾಡುತ್ತಾರೆ. ಮದ್ದು ವೈರಸ್ಸನ್ನು ಅದುಮಿ ಇಟ್ಟಿರುತ್ತದೆ. ಹಾಗಾಗಿ ಟೆಸ್ಟಿನಲ್ಲಿ ಕಾಣುವುದೂ ತಡವಾಗಬಹುದು. ಎಣಿಕೆ ಶುರುಮಾಡಬೇಕಾದ್ದು ಕೊನೆಯ ಮಾತ್ರೆಯ ದಿನದಿಂದ. ಜೂನ್ 2ಕ್ಕೆ ಮಾತ್ರೆ ಶುರುವಾಗಿ 28ನೇ ಮಾತ್ರೆ ಜೂನ್ 29ಕ್ಕೆ ಮುಗಿದರೆ, ಅಲ್ಲಿಂದ 45 ದಿನ ಅಂದರೆ ಆಗಸ್ಟ್ 13. ಡಾಕ್ಟರ್ ನಡುವೆ ಬೇರೆ ಟೆಸ್ಟ್ ಹೇಳಿದರೆ ಅದನ್ನೂ ಮಾಡಿಸಿ, ಮೂರು ತಿಂಗಳಿಗೆ ಬನ್ನಿ ಅಂದರೆ ಹೋಗಿ. ಎರಡರಲ್ಲಿ ಯಾವುದು ಆಮೇಲಿನ ತಾರೀಕೋ ಅದನ್ನು ನಂಬುವುದು ಒಳ್ಳೆಯದು.

ಕಾಯುವ ದಿನಗಳಲ್ಲಿ ಮತ್ತೆ ಕಾಂಡೋಮ್ ಇಲ್ಲದ ಸಂಪರ್ಕ ಆದರೆ ಎಣಿಕೆ ಪುನಃ ಸೊನ್ನೆಯಿಂದ. ಹೆಂಡತಿ ಅಥವಾ ಗಂಡನ ಜೊತೆಯೂ ಅಷ್ಟು ದಿನ ಕಾಂಡೋಮ್ ಬೇಕು. ಏನು ಕಾರಣ ಹೇಳುವುದು ಅಂತ ನನ್ನನ್ನು ಕೇಳಿದವರಿದ್ದಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆಪ್ತಸಮಾಲೋಚಕರ ಹತ್ತಿರ ಮಾತಾಡಿ, ಅವರು ಇಂಥ ಮಾತನ್ನು ದಿನಾ ಕೇಳುತ್ತಾರೆ. ಮಗುವಿಗೆ ಹಾಲೂಡಿಸುತ್ತಿರುವ ತಾಯಿ ಕೂಡಲೇ ಡಾಕ್ಟರನ್ನು ಕಾಣಬೇಕು.

ಇನ್ನೊಂದು. ನಮ್ಮ ಕರಾವಳಿಯಲ್ಲಿ ರಕ್ತದಾನ ಶಿಬಿರ ಇಲ್ಲದ ಭಾನುವಾರವೇ ಕಡಿಮೆ. 'ರಕ್ತ ಕೊಟ್ಟರೆ ಹೇಗೂ ಟೆಸ್ಟ್ ಮಾಡ್ತಾರೆ, ಫ್ರೀಯಾಗಿ ಗೊತ್ತಾಗ್ತದೆ' ಅನ್ನುವ ಉಪಾಯ ಕೆಲವರದ್ದು. ದಯವಿಟ್ಟು ಬೇಡ. ರಕ್ತನಿಧಿಯ ಟೆಸ್ಟಿಗೂ ವಿಂಡೋ ಪೀರಿಯಡ್ ಇದೆ. ನಿಮ್ಮದು ಅದರಿಂದ ತಪ್ಪಿಸಿಕೊಂಡರೆ, ಹೋಗುವುದು ಯಾರದೋ ಬಾಣಂತಿಯ, ಯಾರದೋ ಮಗುವಿನ ಮೈಗೆ. ಗೆಳೆಯರು ಎಳೆದುಕೊಂಡು ಹೋದರೆ ಹಿಮೋಗ್ಲೋಬಿನ್ ಕಡಿಮೆ ಉಂಟು ಅಂತ ಸುಳ್ಳು ಹೇಳಿ ತಪ್ಪಿಸಿಕೊಳ್ಳಿ. ಆ ಸುಳ್ಳಿಗೆ ಪಾಪವಿಲ್ಲ.

ಜ್ವರ ಬಂತು!

ಸೋಂಕು ತಗಲಿದ ಎರಡರಿಂದ ನಾಲ್ಕು ವಾರದಲ್ಲಿ ಕೆಲವರಿಗೆ ಜ್ವರ, ಗಂಟಲು ನೋವು, ಮೈಯಲ್ಲಿ ಕೆಂಪು ಗುಳ್ಳೆ, ಕುತ್ತಿಗೆಯಲ್ಲಿ ಗಂಟು, ಬೇಧಿ ಬರಬಹುದು. ಕೆಲವರಿಗೆ ಏನೂ ಬರುವುದಿಲ್ಲ. ಜೂನ್ 1ರ ಲೆಕ್ಕದಲ್ಲೇ ನೋಡಿ, ಎರಡರಿಂದ ನಾಲ್ಕು ವಾರ ಅಂದರೆ ಜೂನ್ ಅರ್ಧ ಮುಗಿದ ಮೇಲೆ. ಆಗ ನಮ್ಮಲ್ಲಿ ಜ್ವರ ಇಲ್ಲದ ಮನೆ ಯಾವುದು? ಮಲೇರಿಯಾ, ಡೆಂಗಿ, ಇಲಿಜ್ವರ, ಬರೀ ಶೀತದ ಜ್ವರ, ಎಲ್ಲವೂ ಒಂದೇ ಸಲ. ಡೆಂಗಿಯಲ್ಲೂ ಗುಳ್ಳೆ ಏಳುತ್ತದೆ. ಲಕ್ಷಣ ನೋಡಿ 'ಹೌದು' ಅನ್ನಲಿಕ್ಕಾಗುವುದಿಲ್ಲ, ಲಕ್ಷಣ ಇಲ್ಲ ಅಂತ 'ಅಲ್ಲ' ಅನ್ನಲಿಕ್ಕೂ ಆಗುವುದಿಲ್ಲ. ಜ್ವರ ಬಂದರೆ ಮೊದಲು ಮಲೇರಿಯಾ, ಡೆಂಗಿ ನೋಡಿಸಿ. ಆ ಎರಡು ಎಚ್‌ಐವಿಯಷ್ಟು ದಿನ ಕಾಯುವುದಿಲ್ಲ. ಘಟನೆಯ ವಿಷಯವನ್ನೂ ಡಾಕ್ಟರಿಗೆ ಹೇಳಿ.

ಎಲ್ಲಿ ಮಾಡಿಸುವುದು

ದುಡ್ಡಿಲ್ಲದೆ ಆಗುವ ಜಾಗ ಐಸಿಟಿಸಿ. ಸರ್ಕಾರಿ ಆಸ್ಪತ್ರೆಯೊಳಗೆ ಇರುವ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ವೆನ್ಲಾಕಿನಲ್ಲಿದೆ, ಉಡುಪಿ ಜಿಲ್ಲಾಸ್ಪತ್ರೆಯಲ್ಲಿದೆ, ತಾಲ್ಲೂಕು ಆಸ್ಪತ್ರೆಗಳಲ್ಲೂ ಇದೆ. ಹತ್ತಿರದ್ದು ಯಾವುದು ಅಂತ ತಿಳಿಯಲು 1097ಕ್ಕೆ ಫೋನ್ ಮಾಡಿ, ಚಾರ್ಜಿಲ್ಲ, ಹೆಸರು ಹೇಳಬೇಕಂತಲೂ ಇಲ್ಲ.

ಅಲ್ಲಿ ಕೂತಿದ್ದರೆ ನೋಡಿದವರು ಏನಂದುಕೊಳ್ಳುತ್ತಾರೆ ಅನ್ನುವ ಹೆದರಿಕೆ ಎಲ್ಲರಿಗೂ. ಒಮ್ಮೆ ಹೋಗಿ ನೋಡಿ. ಗರ್ಭಿಣಿಯರಿಗೆಲ್ಲ ಈ ಟೆಸ್ಟ್ ಮಾಡುತ್ತಾರೆ, ಟಿಬಿ ಇರುವವರಿಗೂ ಮಾಡುತ್ತಾರೆ. ಅತ್ತೆಯ ಜೊತೆ ಬಂದ ಸೊಸೆ, ಕೆಮ್ಮುವ ಅಜ್ಜ, ನಡುವೆ ನೀವು. ಯಾರು ಯಾತಕ್ಕೆ ಬಂದದ್ದು ಅಂತ ಹೇಳಲಿಕ್ಕೆ ಸಾಧ್ಯವೇ ಇಲ್ಲ.

ಒಳಗೆ ಆಪ್ತಸಮಾಲೋಚಕರು ಬಾಗಿಲು ಹಾಕಿ ಮಾತಾಡುತ್ತಾರೆ, ಒಪ್ಪಿಗೆ ಪಡೆಯುತ್ತಾರೆ, ಆಮೇಲೆ ರಕ್ತ. ಹೆಚ್ಚಾಗಿ ಅವತ್ತೇ ಫಲಿತಾಂಶ. ಅದನ್ನೂ ಮಾತಾಡಿಯೇ ಕೊಡುತ್ತಾರೆ, ಪೇಪರ್ ಕೈಗಿಟ್ಟು ಕಳಿಸುವುದಿಲ್ಲ. ಇದು ನಮ್ಮಂಥ ಖಾಸಗಿ ಲ್ಯಾಬಿನಲ್ಲಿ ಸಿಗುವುದು ಕಷ್ಟ, ಒಪ್ಪಿಕೊಳ್ಳುತ್ತೇನೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವ ಹಾಗಿಲ್ಲ, ಫಲಿತಾಂಶವನ್ನು ಊರಿಗೆ ಸಾರುವ ಹಾಗಿಲ್ಲ, ಅದರ ನೆಪದಲ್ಲಿ ಕೆಲಸದಿಂದ ತೆಗೆಯುವ ಹಾಗೂ ಇಲ್ಲ.

ಐಸಿಟಿಸಿಯಲ್ಲಿ ಬಳಸುವುದು ಸಾಮಾನ್ಯವಾಗಿ ರ‍್ಯಾಪಿಡ್ ಕಿಟ್. ಆದ್ದರಿಂದ ಅಲ್ಲಿಯ ನೆಗೆಟಿವ್ಗೆ 90 ದಿನದ ಲೆಕ್ಕ ಹಿಡಿಯಿರಿ. 45ನೇ ದಿನಕ್ಕೇ ಮುಗಿಸಬೇಕು ಅಂದರೆ ಖಾಸಗಿ ಲ್ಯಾಬಿಗೆ ಬರಬೇಕು. ಬಂದಾಗ 'ಎಚ್‌ಐವಿ ಟೆಸ್ಟ್' ಅಂತ ಮಾತ್ರ ಹೇಳಬೇಡಿ. 'ಪಿ24 ಸೇರಿದ ನಾಲ್ಕನೇ ತಲೆಮಾರಿನದ್ದಾ?' ಅಂತ ಕೇಳಿ. ಕೌಂಟರಿನವರಿಗೆ ಗೊತ್ತಿಲ್ಲದಿದ್ದರೆ ಒಳಗೆ ಕೇಳಿ ಬರಲಿ, ಅವಸರ ಏನು. ಹಸಿದ ಹೊಟ್ಟೆಯಲ್ಲಿ ಬರಬೇಕಾಗಿಲ್ಲ. ಹಿಂದಿನ ರಾತ್ರಿ ಬಿಯರ್ ಕುಡಿದದ್ದು, ಆಂಟಿಬಯಾಟಿಕ್ ತಿಂದದ್ದು, ಬಿಪಿ ಮಾತ್ರೆ, ಶೀತ, ಇದ್ಯಾವುದೂ ರಿಸಲ್ಟ್ ಬದಲಿಸುವುದಿಲ್ಲ.

ರಿಪೋರ್ಟ್ ಓದುವುದು

'ನಾನ್ ರಿಯಾಕ್ಟಿವ್' ಅಂದರೆ ನೆಗೆಟಿವ್. ಮೆಷಿನಿನ ರಿಪೋರ್ಟಿನಲ್ಲಿ ಪಕ್ಕದಲ್ಲಿ ಒಂದು ಅಂಕಿಯೂ ಇರುತ್ತದೆ, 0.12, 0.34 ಅಂತ. ಸಾಮಾನ್ಯವಾಗಿ 1ಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್. ಆ ಹುಡುಗನ ನಾಲ್ಕು ರಿಪೋರ್ಟಿನಲ್ಲಿ ಈ ಅಂಕಿಗೆ ಪೆನ್ನಿನಲ್ಲಿ ಸುತ್ತು ಹಾಕಿದ್ದ. 0.11 ಇದ್ದದ್ದು 0.19 ಆಗಿದೆ, ಏರುತ್ತಾ ಉಂಟು ಅಂತ ಅವನ ಭಯ. ಅದು ಏರುವುದಲ್ಲ. ಮೆಷಿನಿನ ಸಣ್ಣ ಏರಿಳಿತ ಅಷ್ಟೇ. ಒಂದೇ ರಕ್ತವನ್ನು ಎರಡು ಸಲ ಹಾಕಿದರೂ ಅಷ್ಟು ವ್ಯತ್ಯಾಸ ಬರುತ್ತದೆ.

'ರಿಯಾಕ್ಟಿವ್' ಬಂದರೆ? ಅಲ್ಲಿಗೆ ತೀರ್ಮಾನ ಆಗಿಲ್ಲ. ಯಾಕೆ ಅಂತ ಒಂದು ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಟೆಸ್ಟ್, ಸೋಂಕಿಲ್ಲದ ಸಾವಿರ ಜನರಲ್ಲಿ 995 ಜನರನ್ನು ಸರಿಯಾಗಿ 'ಇಲ್ಲ' ಅನ್ನುತ್ತದೆ ಅನ್ನಿ. ಒಳ್ಳೆಯ ಟೆಸ್ಟೇ ಅದು. ಆದರೂ ಐದು ಜನರಿಗೆ ಸುಳ್ಳೇ 'ರಿಯಾಕ್ಟಿವ್' ಬಂತು. ನಮ್ಮ ದೇಶದಲ್ಲಿ ದೊಡ್ಡವರಲ್ಲಿ ಎಚ್‌ಐವಿ ಇರುವುದು ಸುಮಾರು 0.2%, ಅಂದರೆ ಸಾವಿರಕ್ಕೆ ಇಬ್ಬರು. ದಾರಿಯಲ್ಲಿ ಹೋಗುವ ಸಾವಿರ ಜನರನ್ನು ಕರೆದು ಟೆಸ್ಟ್ ಮಾಡಿದರೆ ಏಳು ಜನರದ್ದು ರಿಯಾಕ್ಟಿವ್ ಬರುತ್ತದೆ, ಅದರಲ್ಲಿ ನಿಜವಾಗಿ ಸೋಂಕಿರುವುದು ಇಬ್ಬರಿಗೆ. ಅದಕ್ಕೇ ಐಸಿಟಿಸಿಯಲ್ಲಿ ಒಂದು ಕಿಟ್ ರಿಯಾಕ್ಟಿವ್ ಬಂದರೆ ಬೇರೆ ಬೇರೆ ಬಗೆಯ ಇನ್ನೆರಡು ಕಿಟ್‌ನಲ್ಲಿ ನೋಡುತ್ತಾರೆ. ಮೂರೂ ಹೌದು ಅಂದರೆ ಮಾತ್ರ ಪಾಸಿಟಿವ್. ಒಂದು ಹೌದು ಒಂದು ಅಲ್ಲ ಅಂತ ಗೊಂದಲವಾದರೆ 14ರಿಂದ 28 ದಿನ ಬಿಟ್ಟು ಪುನಃ ಬರಲು ಹೇಳುತ್ತಾರೆ. ಖಾಸಗಿ ಲ್ಯಾಬಿನ ಒಂದೇ ರಿಪೋರ್ಟ್ ಹಿಡಿದು ಬದುಕೇ ಮುಗಿಯಿತು ಅಂದುಕೊಳ್ಳಬೇಡಿ. ನೇರ ಐಸಿಟಿಸಿಗೆ ಹೋಗಿ.

ಮೂರೂ ಪಾಸಿಟಿವ್ ಬಂದರೆ ಅಲ್ಲಿಂದಲೇ ಎಆರ್‌ಟಿ ಕೇಂದ್ರಕ್ಕೆ, ಅಂದರೆ ಎಚ್‌ಐವಿಯ ಮದ್ದು ಕೊಡುವಲ್ಲಿಗೆ ಕಳಿಸುತ್ತಾರೆ. ಸರ್ಕಾರ 2004ರಿಂದ ಈ ಮದ್ದನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಎಷ್ಟೇ ಇರಲಿ, ಗೊತ್ತಾದ ಕೂಡಲೇ ಶುರು. ದಿನಾ ಮಾತ್ರೆ ನುಂಗಿಕೊಂಡು ಬಿಪಿಯವರ ಹಾಗೆ ಬದುಕುವವರು, ಮದುವೆಯಾಗಿ ಸೋಂಕಿಲ್ಲದ ಮಕ್ಕಳನ್ನು ಹೆತ್ತವರು ನಮ್ಮ ಸುತ್ತಲೇ ಇದ್ದಾರೆ. ಅವರು ಹೇಳಿಕೊಳ್ಳುವುದಿಲ್ಲ, ನಮಗೆ ಗೊತ್ತಾಗುವುದಿಲ್ಲ ಅಷ್ಟೇ.

ಉಳಿದ ಟೆಸ್ಟುಗಳು

ಎಲ್ಲರ ತಲೆಯಲ್ಲಿ ಎಚ್‌ಐವಿ ಒಂದೇ. ಅದೇ ದಾರಿಯಲ್ಲಿ ಅದಕ್ಕಿಂತ ಸುಲಭವಾಗಿ ಬರುವ ಸಿಫಿಲಿಸ್, ಗೊನೋರಿಯಾ, ಹೆಪಟೈಟಿಸ್ ಬಿ ಯಾರಿಗೂ ನೆನಪಿರುವುದಿಲ್ಲ. ಸಿಫಿಲಿಸ್ ಟೆಸ್ಟಿಗೂ ಮೂರು ತಿಂಗಳ ಲೆಕ್ಕ ಇಟ್ಟುಕೊಳ್ಳಿ. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಮೊದಲ ಡೋಸ್ ಆಗಿ ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು. ಹಾಕಿಸಿಕೊಂಡಿಲ್ಲದಿದ್ದರೆ ಸಂಪರ್ಕ ಆದ ಕೂಡಲೇ ಶುರುಮಾಡುವುದೂ ಉಪಯೋಗಕ್ಕೆ ಬರುತ್ತದೆ. ಉರಿಮೂತ್ರ, ಹುಣ್ಣು, ಕೀವು ಕಂಡರೆ ದಿನ ಎಣಿಸುತ್ತಾ ಕೂರುವುದು ಬೇಡ, ಕೂಡಲೇ ತೋರಿಸಿ. ಸರ್ಕಾರಿ ಆಸ್ಪತ್ರೆಯ 'ಸುರಕ್ಷಾ ಕ್ಲಿನಿಕ್' ಇರುವುದೇ ಅದಕ್ಕೆ.

ಇಂಥ ಸಂಪರ್ಕ ಆಗಾಗ ಆಗುವವರು ಪ್ರತಿ ಸಲ ಹೀಗೆ ಹೆದರಿ ಎಣಿಸುವ ಬದಲು ಮೂರು ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸಿಕೊಳ್ಳುವುದು ವಾಸಿ. ಮೊದಲೇ ತೆಗೆದುಕೊಳ್ಳುವ 'ಪ್ರೆಪ್' ಮಾತ್ರೆಯೂ ಇದೆ, ಡಾಕ್ಟರ ಹತ್ತಿರ ಕೇಳಿ.

ಆ ಹುಡುಗನಿಂದ ಅವತ್ತು ನಾನು ರಕ್ತ ತೆಗೆಯಲಿಲ್ಲ. ಒಂದು ಚೀಟಿಯಲ್ಲಿ ತಾರೀಕು ಬರೆದುಕೊಟ್ಟೆ. ಇನ್ನೂ 26 ದಿನ ಇತ್ತು. "ಅಷ್ಟು ದಿನ ಎಂತ ಮಾಡುದು ಅಣ್ಣ?" ಅಂದ. ಕೆಲಸಕ್ಕೆ ಹೋಗು ಅಂದೆ. ಹೊರಗೆ ಜೋರು ಮಳೆ, ಅವನ ಹತ್ತಿರ ಕೊಡೆ ಇರಲಿಲ್ಲ. ಚೀಟಿಯನ್ನು ಮಡಚಿ ಮೊಬೈಲಿನ ಕವರಿನೊಳಗೆ ಇಟ್ಟುಕೊಂಡು ಸರ್ವಿಸ್ ಬಸ್‌ಸ್ಟ್ಯಾಂಡಿನ ಕಡೆ ಓಡಿದ. ಬರೆದುಕೊಟ್ಟ ದಿನ ಬೆಳಿಗ್ಗೆ ನಾನು ಶಟರ್ ಎತ್ತುವಾಗ ಮೆಟ್ಟಿಲ ಮೇಲೆ ಕೂತಿದ್ದ.